ಹಳೆಯ ಹಾಯಿ ಮಚವೆ ಮತ್ತೆ ನೀರಿಗಿಳಿಯಬೇಕಾದರೆ: ಮೊದಲು ಆಕಾರ, ಆಮೇಲೆ ಮರ

ಪ್ರಶ್ನೆ: ಅಂಕೋಲಾ ಸಮೀಪದ ನಮ್ಮ ತೆಂಗಿನ ತೋಟದಲ್ಲಿ ಅಜ್ಜನ ಕಾಲದ ಮೀನುಗಾರಿಕೆ ಮಚವೆ ಇದೆ. ಉದ್ದ 30 ಅಡಿ. ಮೊದಲು ಹಾಯಿಯಲ್ಲಿ ಓಡುತ್ತಿತ್ತು, ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದರು. ವರ್ಷಗಳಿಂದ ನೀರು ಕಂಡಿಲ್ಲ. ಹಲಗೆಗಳ ಸಂದಿ ಬಿಟ್ಟಿದೆ, ತಳದಲ್ಲಿ ಹುಳು ಕೊರೆದ ತೂತುಗಳಿವೆ, ಮೊಳೆಗಳ ಸುತ್ತ ಮರ ಕಪ್ಪಾಗಿದೆ. ಮತ್ತೆ ಹಾಯಿ ಕಟ್ಟಿ ಓಡಿಸುವ ಆಸೆ. ಹೊರಗಿನಿಂದ ಫೈಬರ್ ಹೊದಿಸಿಬಿಡಿ ಎಂದು ಕೆಲವರು ಹೇಳುತ್ತಾರೆ, ಹಲಗೆಯೆಲ್ಲ ಬಿಚ್ಚಿ ಹೊಸದು ಹಾಕಿ ಎಂದು ಇನ್ನು ಕೆಲವರು. ಏನು ಮಾಡಲಿ?

ಉತ್ತರ: ಎರಡೂ ಬೇಡ.

ನಿಮ್ಮ ಮಚವೆಗೆ ನಕ್ಷೆ ಇರುವ ಸಾಧ್ಯತೆ ಕಡಿಮೆ. ಪಶ್ಚಿಮ ಕರಾವಳಿಯ ಆಚಾರಿಗಳು ಕಾಗದದ ಮೇಲೆ ಗೆರೆ ಎಳೆದು ದೋಣಿ ಕಟ್ಟಿದವರಲ್ಲ. ಕಣ್ಣಳತೆ, ಕೈಯಳತೆ, ಒಂದೆರಡು ಅಚ್ಚುಗಳಲ್ಲೇ ಕೆಲಸ ಮುಗಿಸಿದರು. ಹಾಗಾಗಿ ಆ ದೋಣಿಯ ವಿನ್ಯಾಸ ಜಗತ್ತಿನಲ್ಲಿ ಒಂದೇ ಕಡೆ ಇದೆ, ನಿಮ್ಮ ತೋಟದಲ್ಲಿ ನಿಂತಿರುವ ಆ ಒಡಲಿನ ಬಾಗುಗಳಲ್ಲಿ. ಕೊಳೆತ ಹಲಗೆಗೆ ಬದಲಿ ಹಲಗೆ ಸಿಗುತ್ತದೆ. ಬಾಗು ಒಮ್ಮೆ ಕೈತಪ್ಪಿದರೆ ಅಳೆದು ನೋಡಲು ಬೇರೆ ಪ್ರತಿ ಇಲ್ಲ. ಹಲಗೆಯನ್ನೆಲ್ಲ ಒಟ್ಟಿಗೆ ಬಿಚ್ಚಿದ ದಿನವೇ ಪಕ್ಕೆಮರಗಳು, ಅಂದರೆ ಹಲಗೆಗಳನ್ನು ಒಳಗಿನಿಂದ ಹಿಡಿದಿರುವ ಪಕ್ಕೆಲುಬಿನಂಥ ಮರಗಳು, ತಮಗೆ ಬೇಕಾದ ಹಾಗೆ ಅಗಲವಾಗುತ್ತವೆ. ಆಮೇಲೆ ಕಟ್ಟುವುದು ಅಜ್ಜನ ಮರದಲ್ಲಿ ಮಾಡಿದ ಬೇರೆ ದೋಣಿ.

ಫೈಬರ್ ಏಕೆ ಬೇಡ ಎಂದರೆ ಮರ ಉಸಿರಾಡುವ ವಸ್ತು. ಎಂಟು ಇಂಚು ಅಗಲದ ಹಲಗೆ ಒಣಗಿದ ಸ್ಥಿತಿಯಿಂದ ಪೂರ್ತಿ ನೆನೆಯುವಷ್ಟರಲ್ಲಿ ಎರಡು ಮೂರು ಮಿಲಿಮೀಟರ್ ಉಬ್ಬುತ್ತದೆ. ಒಂದು ಬದಿಗೆ ಹನ್ನೆರಡು ಸಾಲು ಹಲಗೆ ಎಂದರೆ ಸುಮಾರು ಒಂದು ಇಂಚಿನ ಚಲನೆ. ಗಾಜಿನ ನಾರಿನ ಹೊದಿಕೆಗೆ ಆ ಚಲನೆ ಇಲ್ಲ, ಆದ್ದರಿಂದ ಎಲ್ಲೋ ಒಂದು ಕಡೆ ಬಿರಿಯುತ್ತದೆ ಅಥವಾ ಮರದಿಂದ ಬಿಟ್ಟುಕೊಳ್ಳುತ್ತದೆ. ಸಾಗುವಾನಿಯಂಥ ಎಣ್ಣೆಯಂಶದ ಮರಕ್ಕೆ, ಅದರಲ್ಲೂ ದಶಕಗಳ ಕಾಲ ಮೀನೆಣ್ಣೆ ಕುಡಿದ ಹಲಗೆಗೆ, ಪಾಲಿಯೆಸ್ಟರ್ ರಾಳ ಸರಿಯಾಗಿ ಅಂಟುವುದೂ ಇಲ್ಲ. ಒಳಗೆ ಸೇರಿದ ನೀರಿಗೆ ಹೊರದಾರಿ ಇಲ್ಲದೆ ಮರ ಕಣ್ಣಿಗೆ ಕಾಣದಂತೆ ಕೊಳೆಯುತ್ತದೆ. ಇನ್ನು ಮೂರು ನಾಲ್ಕು ವರ್ಷ ಹೇಗೋ ತೇಲಿದರೆ ಸಾಕು ಎನ್ನುವ ದೋಣಿಗೆ ಫೈಬರ್ ಒಂದು ಉಪಾಯ. ಉಳಿಸಬೇಕು ಎಂದಿರುವ ದೋಣಿಗೆ ಅಲ್ಲ. ಹೊದಿಸಿದ್ದನ್ನು ಮರ ಕೀಳದೆ ಬಿಡಿಸಲಾಗದು.

ಈಗ ಮಾಡಬೇಕಾದ ಮೊದಲ ಕೆಲಸ ನೆರಳು ಮತ್ತು ಆಧಾರ. ಮೇಲೆ ಹಂಚಿನ ಅಥವಾ ಮಡಲಿನ ಚಪ್ಪರ ಹಾಕಿ, ನಾಲ್ಕೂ ಕಡೆ ಗಾಳಿ ಆಡಲಿ. ಪ್ಲಾಸ್ಟಿಕ್ ತಾಡಪಾಲನ್ನು ದೋಣಿಗೆ ಬಿಗಿದು ಕಟ್ಟಬೇಡಿ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಮರದ ದೋಣಿಯನ್ನು ಕೊಳೆಸುವುದು ಮಳೆನೀರು, ಕಡಲ ನೀರಲ್ಲ. ಮರದ ತೇವ ಶೇ. 20ಕ್ಕಿಂತ ಮೇಲೆ ನಿಂತಾಗ ಕೊಳೆಸುವ ಶಿಲೀಂಧ್ರ ಬೆಳೆಯುತ್ತದೆ, ಉಪ್ಪು ಅದನ್ನು ತಡೆಯುತ್ತದೆ. ಹಾಗಾಗಿ ತಳದಲ್ಲಿ ನಿಂತ ಮಳೆನೀರನ್ನು ಇಂದೇ ಖಾಲಿ ಮಾಡಿ. ಹಾಗೆಂದು ದೋಣಿಯನ್ನು ಪೂರ್ತಿ ಒಣಗಲೂ ಬಿಡಬಾರದು. ಏಪ್ರಿಲ್–ಮೇ ಬಿಸಿಲಿಗೆ ಸಂದಿಗಳು ಬಾಯಿಬಿಟ್ಟು ಹಲಗೆ ಸೀಳುತ್ತದೆ. ಹೊರಮೈಗೆ ಗೋಣಿಚೀಲ ಇಳಿಬಿಟ್ಟು ಬೆಳಿಗ್ಗೆ ಸಂಜೆ ಕಡಲ ನೀರು ಚಿಮುಕಿಸಿ.

ಆಧಾರದ ವಿಷಯದಲ್ಲಿ ಅವಸರ ಸಲ್ಲದು. ಹಳೆಯ ದೋಣಿಗಳಲ್ಲಿ ಮಧ್ಯಭಾಗ ಮೇಲೆದ್ದು ಮೂತಿಯೂ ಹಿಂಭಾಗವೂ ಕೆಳಗೆ ಜೋಲುತ್ತವೆ. ತೇಲುವಾಗ ನಡುವಿಗೆ ನೀರಿನ ಒತ್ತು ಹೆಚ್ಚು, ಕಿರಿದಾದ ತುದಿಗಳಿಗೆ ಕಡಿಮೆ ಇರುವುದೇ ಕಾರಣ. ಅಡಿಮರದ, ಅಂದರೆ ಕೀಲ್‌ನ, ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಗಿಯಾಗಿ ನೂಲು ಹಿಡಿದು ನಡುವೆ ಎಷ್ಟು ಅಂತರ ಬರುತ್ತದೆ ಅಳೆಯಿರಿ. 30 ಅಡಿಯ ದೋಣಿಗೆ ಒಂದು ಇಂಚಿನೊಳಗಿದ್ದರೆ ಹಾಗೇ ಬಿಡಬಹುದು. ಎರಡು ಮೂರು ಇಂಚು ಇದ್ದರೆ ತಿದ್ದಬೇಕು: ಎರಡೂ ತುದಿಗೆ ಜಾಕ್ ಕೊಟ್ಟು, ನಡುವಿನ ದಿಮ್ಮಿಗಳನ್ನು ವಾರಕ್ಕೆ ಮೂರು ನಾಲ್ಕು ಮಿಲಿಮೀಟರಿನಂತೆ ಮಾತ್ರ ಇಳಿಸುತ್ತ ಹೋಗಿ. ಒಂದೇ ದಿನದಲ್ಲಿ ಎಳೆದರೆ ಪಕ್ಕೆಮರ ಸೀಳುತ್ತದೆ, ಮೊಳೆ ಕಳಚುತ್ತದೆ. ಭಾರವೆಲ್ಲ ಅಡಿಮರದ ಕೆಳಗೆ ನಾಲ್ಕು ಅಡಿಗೊಂದರಂತೆ ಇಟ್ಟ ದಿಮ್ಮಿಗಳ ಮೇಲೇ ಕೂರಬೇಕು. ಬದಿಯ ಊರುಗೋಲುಗಳು ವಾಲದಂತೆ ತಡೆಯಲು ಅಷ್ಟೆ, ಅವೂ ಪಕ್ಕೆಮರ ಇರುವ ಜಾಗಕ್ಕೇ ತಾಗಲಿ. ಬರಿಯ ಹಲಗೆಗೆ ಕೊಟ್ಟ ಊರುಗೋಲು ಅಲ್ಲಿಯೇ ಒಳಕ್ಕೆ ಒತ್ತಿ ಕುಳಿ ಮಾಡುತ್ತದೆ. ಮೇಲಂಚುಗಳ ನಡುವೆ ನಾಲ್ಕು ಅಡಿಗೊಂದು ಅಡ್ಡಪಟ್ಟಿ ಹೊಡೆದು ಅಗಲವನ್ನು ಬಂಧಿಸಿ. ಕೆಲಸ ಮುಗಿಯುವವರೆಗೆ ಅದನ್ನು ಯಾರೂ ಮುಟ್ಟಬಾರದು.

ಆಮೇಲೆ ಅಳತೆ. ಇದಕ್ಕೆ ದುಬಾರಿ ಉಪಕರಣ ಬೇಡ. ದೋಣಿಯ ನಡುಗೆರೆಗೆ ನೂಲು ಕಟ್ಟಿ, ಪಾರದರ್ಶಕ ಪೈಪಿನಲ್ಲಿ ನೀರುಮಟ್ಟ ಹಿಡಿದು, ಎರಡು ಅಡಿಗೊಂದು ನಿಲ್ದಾಣ, ಅಂದರೆ ಅಳತೆಯ ಜಾಗ, ಗುರುತಿಸಿ. 30 ಅಡಿಗೆ ತುದಿಗಳೂ ಸೇರಿ ಹದಿನಾರು ಬರುತ್ತವೆ. ಪ್ರತಿ ನಿಲ್ದಾಣದಲ್ಲೂ ತೂಗುಗುಂಡು ಇಳಿಬಿಟ್ಟು, ತಳದಿಂದ ಅರ್ಧ ಅಡಿಗೊಮ್ಮೆ ಹಲಗೆಯ ಹೊರಮೈ ನಡುಗೆರೆಯಿಂದ ಎಷ್ಟು ದೂರ ಇದೆ ಬರೆದುಕೊಳ್ಳಿ. ಎರಡೂ ಬದಿ ಅಳೆಯಿರಿ, ಕಡಿಮೆ ಕೆಟ್ಟ ಬದಿಯೇ ಮುಂದೆ ಪ್ರಮಾಣ. ಜೊತೆಗೆ ಮೊಬೈಲಿನಲ್ಲಿ ಒಂದರಲ್ಲಿ ಬಂದ ಭಾಗ ಮುಂದಿನದರಲ್ಲೂ ಸ್ವಲ್ಪ ಬರುವಂತೆ ಇನ್ನೂರು ಮುನ್ನೂರು ಫೋಟೊ ತೆಗೆದಿಟ್ಟರೆ ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಯಾದರೂ ಮೂರು ಆಯಾಮದ ಮಾದರಿ ಮಾಡಿಕೊಟ್ಟಾನು. ಹಲಗೆಗಳಿಗೆ ಅಡಿಮರದಿಂದ ಮೇಲಕ್ಕೆ ಸಂಖ್ಯೆ ಹಾಕಿ: ಎಡ 1, ಎಡ 2, ಬಲ 1, ಬಲ 2. ಹಳೆಯ ಬಣ್ಣವನ್ನು ಅಂಗೈಯಗಲ ಜಾಗದಲ್ಲಿ ಮೆಲ್ಲಗೆ ಉಜ್ಜಿದರೆ ಪದರ ಪದರವಾಗಿ ಹಿಂದಿನ ಬಣ್ಣಗಳು ಕಾಣುತ್ತವೆ, ಅದನ್ನೂ ಬರೆದಿಡಿ. ಮರ ಯಾವುದೆಂಬ ಅನುಮಾನವಿದ್ದರೆ ಚೂರೊಂದನ್ನು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಕೊಟ್ಟು ಗುರುತಿಸಿಕೊಳ್ಳಬಹುದು.

ಪರೀಕ್ಷೆಗೆ ಸಣ್ಣ ಸುತ್ತಿಗೆ, ಚೂಪು ಡಬ್ಬಣ ಸಾಕು. ಒಳ್ಳೆಯ ಮರ ಗಟ್ಟಿ ದನಿ ಕೊಡುತ್ತದೆ, ಕೆಟ್ಟದ್ದು ಮಂಕಾಗಿ ಕೇಳುತ್ತದೆ. ಡಬ್ಬಣ ಐದು ಮಿಲಿಮೀಟರ್‌ಗಿಂತ ಆಳ ಸಲೀಸಾಗಿ ಇಳಿದರೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಅಡಿಮರಕ್ಕೆ ಮೊದಲ ಹಲಗೆ ಸೇರುವ ಗೆರೆ, ಮೂತಿಮರದ ಜೋಡಣೆ, ಪಕ್ಕೆಮರಗಳ ಪಾದ, ಹಾಯಿಕಂಬ ಕೂರುವ ಗುಳಿ, ಮೇಲಂಚಿನ ಕೆಳಗಿನ ಸಂದಿ ಇವುಗಳಲ್ಲಿ ಹುಡುಕಿ. ಮಳೆನೀರು ತಂಗುವ ಜಾಗಗಳೆಲ್ಲ ಇವೇ. ಎಂಜಿನ್ ಕೂರಿಸಿದ್ದ ಜಾಗದಲ್ಲಿ ಡೀಸೆಲ್ ಕುಡಿದ ಮರ ಚೆನ್ನಾಗಿಯೇ ಉಳಿದಿರುತ್ತದೆ, ಆದರೆ ನಡುಕಕ್ಕೆ ಮೊಳೆತೂತುಗಳು ದೊಡ್ಡದಾಗಿರುತ್ತವೆ.

ಹುಳುವಿನ ವಿಷಯಕ್ಕೆ ಬಂದರೆ, ನೀವು ಕಂಡ ತೂತುಗಳಿಂದ ಹಾನಿಯ ಪ್ರಮಾಣ ತಿಳಿಯುವುದಿಲ್ಲ. ಟೆರೆಡೊ ಎಂಬ ಹಡಗುಹುಳು ನಿಜದಲ್ಲಿ ಚಿಪ್ಪುಮೀನಿನ ಜಾತಿಯದು. ಮರಿಯಾಗಿರುವಾಗ ಗುಂಡುಸೂಜಿ ತಲೆಯಷ್ಟು ತೂತಿನಲ್ಲಿ ಒಳಹೊಕ್ಕು, ಒಳಗೇ ಬೆಳೆದು, ಬೆರಳು ಗಾತ್ರದ ಸುರಂಗ ಕೊರೆದು ಅದರ ಗೋಡೆಗೆ ಬಿಳಿ ಸುಣ್ಣದ ಲೇಪ ಕೊಡುತ್ತದೆ. ಹೊರಮೈ ನುಣುಪಾಗಿದ್ದು ಒಳಗೆ ಪೂರ್ತಿ ಪೊಳ್ಳಾಗಿರಬಹುದು. ಅನುಮಾನವಿರುವಲ್ಲಿ ಆರು ಮಿಲಿಮೀಟರ್ ಬೈರಿಗೆಯಿಂದ ತೂತು ಹಾಕಿ ಹೊಟ್ಟು ನೋಡಿ. ಬಿಳಿ ಸುಣ್ಣದ ಚೂರು ಬಂದರೆ ಆ ತುಂಡು ಹೋಗಬೇಕು. ಸರಿಯಿದ್ದರೆ ಅದೇ ಜಾತಿ ಮರದ ಬೆಣೆಯಿಂದ ತೂತು ಮುಚ್ಚಿ. ಇಷ್ಟು ವರ್ಷ ಒಣನೆಲದಲ್ಲಿದ್ದ ದೋಣಿಯಲ್ಲಿ ಹುಳು ಬದುಕಿರುವುದಿಲ್ಲ. ಸಿಹಿನೀರಿನಲ್ಲೂ ಅದು ಹೆಚ್ಚು ಕಾಲ ಉಳಿಯದು.

ಮೊಳೆಯ ಸುತ್ತ ಕಪ್ಪಾಗಿರುವುದು ಕಬ್ಬಿಣ ಮತ್ತು ಮರದ ಒಗರಿನ ರಾಸಾಯನಿಕ ಕ್ರಿಯೆ. ತುಕ್ಕು ಉಬ್ಬಿ ಮರವನ್ನು ಸೀಳುತ್ತದೆ, ಸೀಳಿದಲ್ಲಿ ನೀರು ಸೇರುತ್ತದೆ, ನೀರು ಇನ್ನಷ್ಟು ತುಕ್ಕು ತರುತ್ತದೆ. ಇಂಥ ಕಡೆ ಹಳೆಯ ತೂತಿಗೇ ದಪ್ಪ ಮೊಳೆ ಬಡಿಯುವುದು ಎಲ್ಲರೂ ಮಾಡುವ ತಪ್ಪು. ಹಳೆಯದನ್ನು ಕೀಳಿ, ತೂತನ್ನು ಒಳ್ಳೆಯ ಮರ ಸಿಗುವವರೆಗೆ ಕೊರೆದು ಬೆಣೆಯಿಂದ ಮುಚ್ಚಿ, ಹೊಸ ಮೊಳೆಯನ್ನು ಪಕ್ಕದಲ್ಲಿ ಹೊಡೆಯಿರಿ. ಮೊದಲೇ ಕಬ್ಬಿಣದ ಮೊಳೆಯಲ್ಲಿ ಕಟ್ಟಿದ ದೋಣಿಗೆ ಕಬ್ಬಿಣವನ್ನೇ ಹಾಕಿ, ಆದರೆ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದದ್ದೇ ಆಗಿರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಥಳಥಳ ಹೊಳೆಯುವ ಮೊಳೆಗೆ ವಿದ್ಯುತ್ ಲೇಪ ಕೊಟ್ಟಿರುತ್ತಾರೆ. ಅದರ ಸತುವಿನ ಪದರ ತೀರಾ ತೆಳು, ಕಡಲಿನಲ್ಲಿ ಬೇಗ ಹೋಗುತ್ತದೆ. ಕಬ್ಬಿಣದ ನಡುವೆ ಅಲ್ಲೊಂದು ಇಲ್ಲೊಂದು ತಾಮ್ರದ ಮೊಳೆ ಸೇರಿಸಬೇಡಿ; ಉಪ್ಪುನೀರಿನಲ್ಲಿ ತಾಮ್ರ ಉಳಿದು ಕಬ್ಬಿಣ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲನ್ನೂ ನೀರಿನ ಮಟ್ಟದ ಕೆಳಗೆ ನಂಬಬೇಡಿ. ಗಾಳಿ ಸಿಗದ ಒದ್ದೆ ಮರದೊಳಗೆ ಅದರ ಮೈ ಕುಳಿ ಕುಳಿಯಾಗಿ ತಿಂದುಹೋಗುತ್ತದೆ, ತಲೆ ಮಾತ್ರ ಹೊಸದರಂತೆ ಕಾಣುತ್ತದೆ.

ಲೆಕ್ಕಕ್ಕೆ: ಹದಿನೈದು ಇಂಚಿಗೊಂದು ಪಕ್ಕೆಮರ ಎಂದರೆ ಒಟ್ಟು 24. ಬದಿಗೆ 12 ಸಾಲು ಹಲಗೆ, ಪ್ರತಿ ಕೂಡುಬಿಂದುವಿಗೆ ಎರಡು ಮೊಳೆ ಎಂದು ಹಿಡಿದರೆ ಇಡೀ ದೋಣಿಗೆ ಸುಮಾರು 1,150. ನಿಮ್ಮ ದೋಣಿಯ ಸಾಲುಗಳನ್ನು ಎಣಿಸಿ ಇದನ್ನು ಸರಿಮಾಡಿಕೊಳ್ಳಿ. ಹೆಬ್ಬಲಸು, ಸಾಗುವಾನಿಯಂಥ ಗಟ್ಟಿ ಮರಕ್ಕೆ ಮೊಳೆಯ ದಪ್ಪದ ಮುಕ್ಕಾಲು ಪಾಲು ಅಳತೆಯ ತೂತು ಮೊದಲು ಕೊರೆಯಲೇಬೇಕು. ತಲೆಯನ್ನು ಆರು ಮಿಲಿಮೀಟರ್ ಒಳಗಿಳಿಸಿ ಮೇಲೆ ಮರದ ಬಿರಡೆ ಹಾಕಿ, ಬಿರಡೆಯ ಎಳೆ ಹಲಗೆಯ ಎಳೆಯ ದಿಕ್ಕಿನಲ್ಲೇ ಇರಲಿ.

ಹಲಗೆಗೆ ನಮ್ಮ ಕರಾವಳಿಯಲ್ಲಿ ಹೆಬ್ಬಲಸಿಗಿಂತ ಒಪ್ಪುವ ಮರ ಇಲ್ಲ. ಸಾಗುವಾನಿ ಇನ್ನೂ ಬಾಳಿಕೆಯದು, ಬೆಲೆಯೂ ಹಾಗೆಯೇ. ಪಕ್ಕೆಮರಕ್ಕೆ ನೇರ ದಿಮ್ಮಿಯಿಂದ ಬಾಗು ಕೊಯ್ಯಬೇಡಿ. ಎಳೆ ಅಡ್ಡಕ್ಕೆ ತುಂಡಾಗಿ, ಮೊದಲ ದೊಡ್ಡ ಅಲೆಗೇ ಅದು ಮುರಿಯುತ್ತದೆ. ಹುಟ್ಟಿನಿಂದಲೇ ಬಾಗಿದ ಹಲಸಿನ ಅಥವಾ ಸುರಹೊನ್ನೆಯ ಕೊಂಬೆ ಬೇಕು. ಹಳೆಯ ಪಕ್ಕೆಮರದ ರಟ್ಟಿನ ಅಚ್ಚು ತೆಗೆದುಕೊಂಡು ಹೋಗಿ ಕೊಂಬೆಗೆ ಹಿಡಿದು ನೋಡುವುದೇ ಸರಿಯಾದ ದಾರಿ. ಮರ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ, ಪಾಸು ಬೇಕಾಗುತ್ತದೆ. ಇಲಾಖೆಯ ಡಿಪೋಗಳ ಹರಾಜಿನಲ್ಲಿ ಕೊಂಡರೆ ಕಾಗದಪತ್ರದ ತೊಡಕು ಕಡಿಮೆ. 30 ಅಡಿ ಉದ್ದ, ಸರಾಸರಿ 12 ಅಡಿ ಸುತ್ತಳತೆ, ಒಂದೂಕಾಲು ಇಂಚು ದಪ್ಪ ಎಂದರೆ ಇಡೀ ಹೊರಮೈಗೆ 37 ಘನ ಅಡಿ. ಮೂರನೇ ಒಂದು ಭಾಗ ಬದಲಾಯಿಸಲು 12–13 ಘನ ಅಡಿ ಬೇಕು. ಬಾಗಿದ ಹಲಗೆ ಕೊಯ್ಯುವಾಗ ತುಂಬಾ ವ್ಯರ್ಥವಾಗುವುದರಿಂದ 20 ತನ್ನಿ. ತೇವ ಶೇ. 15ರಿಂದ 18ರೊಳಗೆ ಇರಬೇಕು. ತೀರಾ ಒಣಗಿದ ಹಲಗೆ ನೀರಿನಲ್ಲಿ ಉಬ್ಬಿ ಪಕ್ಕದ್ದನ್ನು ದೂಡಿ ಮೊಳೆ ಕೀಳುತ್ತದೆ, ಹಸಿಯದ್ದು ದಡದಲ್ಲಿ ಕುಗ್ಗಿ ಸಂದಿ ಬಿಡುತ್ತದೆ.

ಬದಲಾಯಿಸುವ ಕ್ರಮವೇ ಈ ಕೆಲಸದ ಜೀವಾಳ. ಮೊದಲು ಅಡಿಮರ, ಆಮೇಲೆ ಪಕ್ಕೆಮರ, ಕೊನೆಗೆ ಹಲಗೆ. ಅಡಿಮರದ ತುದಿಯಷ್ಟೇ ಕೆಟ್ಟಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ತುಂಡನ್ನು ಓರೆ ಜೋಡಣೆಯಲ್ಲಿ ಕೂಡಿಸಿ. ಓರೆಯ ಉದ್ದ ಮರದ ಎತ್ತರದ ಆರರಿಂದ ಎಂಟು ಪಟ್ಟು ಇರಬೇಕು. ಆ ಜೋಡಣೆಯ ಗೆರೆ ಅಡಿಮರದಲ್ಲಿ ಮೊದಲ ಹಲಗೆ ಕೂರುವ ಕಚ್ಚನ್ನು ದಾಟುವ ಬಿಂದುವಿನಲ್ಲಿ ಅಡ್ಡಕ್ಕೆ ಹತ್ತು ಹನ್ನೆರಡು ಮಿಲಿಮೀಟರ್ ತೂತು ಕೊರೆದು ಮೆದು ಮರದ ಕಡ್ಡಿ ಬಡಿಯಿರಿ. ನೆನೆದು ಉಬ್ಬಿ ನೀರಿನ ದಾರಿ ಕಟ್ಟುವುದು ಅದೇ. ಇದನ್ನು ಮರೆತ ದೋಣಿಗೆ ಹೊರಗಿನಿಂದ ಎಷ್ಟು ಹತ್ತಿ ತುರುಕಿದರೂ ಒಳಗೆ ನೀರು ಜಿನುಗುತ್ತಲೇ ಇರುತ್ತದೆ. ಪಕ್ಕೆಮರಗಳಲ್ಲಿ ಒಂದನ್ನು ತೆಗೆದು ಹೊಸದನ್ನು ಕೂರಿಸಿದ ಮೇಲೇ ಇನ್ನೊಂದಕ್ಕೆ ಕೈ ಹಾಕಿ, ಅಕ್ಕಪಕ್ಕದ ಎರಡನ್ನು ಒಟ್ಟಿಗೆ ತೆಗೆಯಬೇಡಿ. ಹಲಗೆಯೂ ಹಾಗೆಯೇ: ಎಡಕ್ಕೊಂದು, ಬಲಕ್ಕೊಂದು, ತೆರೆದ ಎರಡು ಸಾಲುಗಳ ನಡುವೆ ಕನಿಷ್ಠ ಎರಡು ಹಳೆಯ ಸಾಲು ಇರಲಿ. ಪಕ್ಕಪಕ್ಕದ ಸಾಲುಗಳ ತುದಿಜೋಡಣೆಗಳ ನಡುವೆ ನಾಲ್ಕು ಅಡಿ ಅಂತರ ಬೇಕು. ಎರಡು ಪಕ್ಕೆಮರಗಳ ನಡುವಿನ ಒಂದೇ ಅಂತರದಲ್ಲಿ ಇನ್ನೊಂದು ಜೋಡಣೆ ಬರಬೇಕಾದರೆ ನಡುವೆ ಮೂರು ಪೂರ್ಣ ಸಾಲು ಹಾದುಹೋಗಿರಬೇಕು. ಮೂತಿಯ ಹತ್ತಿರದ ಬಿರುಸು ಬಾಗಿಗೆ ಹಲಗೆಯನ್ನು ಮರದ ಪೆಟ್ಟಿಗೆಯಲ್ಲಿ ಇಂಚು ದಪ್ಪಕ್ಕೆ ಒಂದು ಗಂಟೆಯಂತೆ ಹಬೆಯಲ್ಲಿಡಿ. ಹೊರತೆಗೆದ ಒಂದೆರಡು ನಿಮಿಷದಲ್ಲಿ ಅದು ಜಾಗದಲ್ಲಿ ಬಿಗಿಯಾಗಬೇಕು, ಆದ್ದರಿಂದ ನಾಲ್ಕು ಜನ, ಎಂಟು ಹತ್ತು ಕ್ಲಾಂಪ್ ಮೊದಲೇ ಸಿದ್ಧವಿರಲಿ.

ಸಂದಿ ತುಂಬುವ ಮೊದಲು ಹಲಗೆಯ ಅಂಚು ಯಾವ ಬಗೆಯದು ನೋಡಿ. ಪಶ್ಚಿಮ ಕರಾವಳಿಯ ಹಲವು ದೋಣಿಗಳಲ್ಲಿ ಒಂದು ಹಲಗೆಯ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂತಿರುತ್ತದೆ, ನಡುವೆ ಹತ್ತಿ–ರಾಳ ಕಟ್ಟುವಾಗಲೇ ಇಟ್ಟಿರುತ್ತಾರೆ. ಅಂಥ ಸಂದಿಗೆ ಹೊರಗಿನಿಂದ ಉಳಿ ಹಾಕಿ ಹತ್ತಿ ಬಡಿದರೆ ಕಚ್ಚು ಒಡೆಯುತ್ತದೆ. ಅಲ್ಲಿ ಹಲಗೆ ತೆಗೆದು ಕೂರಿಸುವುದೊಂದೇ ದಾರಿ. ತೆಂಗಿನ ಹುರಿಯಲ್ಲಿ ಹೊಲಿದ ದೋಣಿಯ ಲೆಕ್ಕವೇ ಬೇರೆ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಆ ವಿಧಾನದ್ದು. ಆ ಕೈಚಳಕ ಬಲ್ಲವರು ಇನ್ನೂ ಇದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ.

ನಿಮ್ಮದು ಸಪಾಟು ಅಂಚಿನದಾದರೆ ಸಂದಿ ಒಳಬದಿಯಲ್ಲಿ ಮರಕ್ಕೆ ಮರ ತಾಗಿ, ಹೊರಬಾಯಿಯಲ್ಲಿ ಮೂರು ಮಿಲಿಮೀಟರಿನಷ್ಟು ತೆರೆದಿರಬೇಕು. ಹಳೆಯ ಹತ್ತಿಯನ್ನು ಕೊಕ್ಕೆಯಿಂದ ಎಳೆಯಿರಿ, ಗರಗಸ ಯಂತ್ರ ಓಡಿಸಿ ಸಂದಿ ಅಗಲ ಮಾಡಬೇಡಿ. ಬಿಳಿ ಹತ್ತಿಯ ಸಡಿಲ ಹುರಿಯನ್ನು ಎಣ್ಣೆಯಲ್ಲಿ ಸ್ವಲ್ಪ ನೆನೆಸಿ, ಮೊಂಡು ಉಳಿ ಮತ್ತು ಕೊಡತಿಯಿಂದ ಸಣ್ಣ ಸಣ್ಣ ಕುಣಿಕೆ ಮಾಡುತ್ತ ಇಳಿಸಿ. ಮೇಲೆ ಕಾಲು ಇಂಚು ಜಾಗ ಉಳಿಯಲಿ. ಇಡೀ ದೋಣಿಯ ಸಂದಿಗಳ ಉದ್ದ ಸುಮಾರು 220 ಮೀಟರ್. ಬಲವಾಗಿ ಬಡಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಪಾಯಕಾರಿ. ಅತಿಯಾಗಿ ತುಂಬಿದ ಹತ್ತಿ ಹಲಗೆಗಳನ್ನು ಒಂದರಿಂದೊಂದು ದೂಡಿ ಮೊಳೆಗಳನ್ನು ಎಳೆಯುತ್ತದೆ, ಇಷ್ಟು ಕಷ್ಟಪಟ್ಟು ತಿದ್ದಿದ ಆಕಾರವನ್ನು ಮತ್ತೆ ಕೆಡಿಸುತ್ತದೆ. ಈ ಕೆಲಸಕ್ಕೆ ಡಿಸೆಂಬರ್–ಫೆಬ್ರುವರಿ ತಕ್ಕ ಕಾಲ. ಮೇ ತಿಂಗಳಲ್ಲಿ ಸಂದಿ ಅತಿಯಾಗಿ ಬಿಟ್ಟಿರುತ್ತದೆ, ಜುಲೈಯಲ್ಲಿ ಉಳಿಯ ತುದಿಗೂ ಎಡೆ ಇರುವುದಿಲ್ಲ.

ಮೇಲಿನ ಕಾಲು ಇಂಚಿಗೆ ರಾಳದ ಪುಡಿ ಮತ್ತು ಹೊನ್ನೆ ಎಣ್ಣೆ ಅಥವಾ ಮೀನೆಣ್ಣೆ. ಎರಡು ಪಾಲು ರಾಳಕ್ಕೆ ಒಂದು ಪಾಲು ಎಣ್ಣೆಯಿಂದ ಶುರುಮಾಡಿ, ಚಪಾತಿ ಹಿಟ್ಟಿನ ಹದ ಬರುವವರೆಗೆ ಕುಟ್ಟಿ. ಕಾಯಿಸುವುದಾದರೆ ಎಣ್ಣೆಯನ್ನು ಒಲೆಯಿಂದ ಇಳಿಸಿ ದೂರಕ್ಕೆ ತಂದ ಮೇಲೇ ರಾಳ ಹಾಕಿ, ಉರಿಯ ಮೇಲೆ ಹಾಕಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಒಂದು ತುಂಡನ್ನು ಹಲಗೆಗೆ ಹಚ್ಚಿ ರಾತ್ರಿಯಿಡೀ ನೀರಿನಲ್ಲಿಟ್ಟು ನೋಡಿ. ಉಗುರು ಒತ್ತಿದರೆ ಗುರುತು ಬೀಳಬೇಕು. ಪುಡಿಯಾದರೆ ಎಣ್ಣೆ ಸಾಲದು, ಜಿಗುಟಿದರೆ ರಾಳ ಸಾಲದು. ಎಪಾಕ್ಸಿ ಪುಟ್ಟಿ ಈ ಸಂದಿಗಳಿಗೆ ಬೇಡವೇ ಬೇಡ. ಹೊರಮೈಗೆ ಗೇರುಬೀಜದ ಸಿಪ್ಪೆಯೆಣ್ಣೆ ಹಚ್ಚುವ ರೂಢಿ ಒಳ್ಳೆಯದು, ಚರ್ಮ ಸುಡುತ್ತದಾದ್ದರಿಂದ ಕೈಗವಸು ಹಾಕಿಕೊಳ್ಳಿ. ಒಳಮೈಗೆ ದಪ್ಪ ಬಣ್ಣ ಬಳಿಯದೆ ಎಣ್ಣೆ ಮಾತ್ರ ಕುಡಿಸಿ.

ಎಂಜಿನ್ ಕಾಲದ ಗುರುತುಗಳನ್ನು ಅಳಿಸಬೇಕೇ ಎಂಬುದು ನೀವೇ ತೀರ್ಮಾನಿಸಬೇಕಾದ ಮಾತು. ಸ್ಕಾಟ್ಲೆಂಡಿನ ಆನ್‌ಸ್ಟ್ರದರ್‌ನ ಮೀನುಗಾರಿಕೆ ಸಂಗ್ರಹಾಲಯ 1902ರಲ್ಲಿ ಕಟ್ಟಿದ ರೀಪರ್ ಎಂಬ ಫೈಫಿ ದೋಣಿಗೆ (ಅಲ್ಲಿನ ಹಾಯಿ ಮೀನುದೋಣಿಯ ಒಂದು ಬಗೆ) ಮತ್ತೆ ಎರಡು ಕಂಬ, ಹಾಯಿ ಕೊಟ್ಟು ಅದರ ಮೊದಲ ರೂಪಕ್ಕೆ ಮರಳಿಸಿತು. ನೀವೂ ಹಾಗೆ ಮಾಡುವುದಾದರೆ ಎಂಜಿನ್ನಿನಿಂದ ಹೊರಗಿನ ಪಂಖಕ್ಕೆ ಹೋಗುವ ತಿರುಗುದಂಡದ ತೂತನ್ನು ಎರಡೂ ಕಡೆಯಿಂದ ಮರದ ಬಿರಡೆಯಿಂದ ಮುಚ್ಚಿ, ಎಂಜಿನ್ ಕೂರಿಸಿದ್ದ ತೊಲೆಗಳನ್ನು ಬಿಸಾಡದೆ ಎತ್ತಿಡಿ. ಅವೂ ಈ ದೋಣಿಯ ಚರಿತ್ರೆಯೇ. ಎಂಜಿನ್ ಹೋದರೆ ಇನ್ನೂರು ಮುನ್ನೂರು ಕಿಲೊ ತೂಕ ಹೋಗುತ್ತದೆ, ಮೇಲೆ ಕಂಬ, ಹಾಯಿ ಬರುತ್ತದೆ. ಆ ತೂಕವನ್ನು ತಳದಲ್ಲಿ ತುಂಬಿಕೊಡದೆ ಹಾಯಿ ಬಿಚ್ಚಿದರೆ ದೋಣಿ ಮಗುಚುತ್ತದೆ. ಗುಂಡುಕಲ್ಲುಗಳನ್ನು ಚೀಲದಲ್ಲಿ ತುಂಬಿ, ಹಲಗೆಗೆ ತಾಗದಂತೆ ಪಕ್ಕೆಮರಗಳ ಮೇಲೆ ಹಾಸಿದ ಪಟ್ಟಿಗಳ ಮೇಲೆ ಜೋಡಿಸಿ, ಜಾರದಂತೆ ಕಟ್ಟಿ. ಹಾಯಿಕಂಬಕ್ಕೆ ಕೆನರಾ ಕಾಡಿನ ಸುರಹೊನ್ನೆ ಜಾತಿಯ ನೇರ ಮರಗಳು ಒಂದು ಕಾಲದಲ್ಲಿ ಹಡಗುಗಳಿಗೇ ಹೋಗುತ್ತಿದ್ದವು, ಸಿಕ್ಕರೆ ಅದೇ ಸರಿ. ಹಾಯಿ ಕಟ್ಟುವ ಉದ್ದದ ಅಡ್ಡಮರವನ್ನು ಎರಡು ತುಂಡು ಸೇರಿಸಿ ಹಗ್ಗದಲ್ಲಿ ಬಿಗಿದು ಮಾಡಿಕೊಳ್ಳಬಹುದು. ಹಾಯಿಗೆ ಚದರ ಮೀಟರಿಗೆ 400 ಗ್ರಾಂ ತೂಗುವ ಹತ್ತಿ ಕ್ಯಾನ್ವಾಸ್. ಕಾಚಿನ ನೀರಿನಲ್ಲಿ ನೆನೆಸಿ ಒಣಗಿಸಿದರೆ ಬೂಷ್ಟು ತಡವಾಗಿ ಹಿಡಿಯುತ್ತದೆ.

ನೀರಿಗಿಳಿಸಲು ನೂಲ ಹುಣ್ಣಿಮೆ ಕಳೆದು ಕಡಲು ತಣ್ಣಗಾಗುವವರೆಗೆ ಕಾಯಿರಿ. ಒಂದು ವಾರ ಮೊದಲಿನಿಂದ ಹೊರಮೈಗೆ ಒದ್ದೆ ಗೋಣಿ ಸುತ್ತಿ. ಒಳಗೆ ಅರ್ಧ ಅಡಿಗಿಂತ ಹೆಚ್ಚು ನೀರು ತುಂಬಬೇಡಿ, ಆ ಭಾರಕ್ಕೆ ಹಲಗೆ ಕಳಚುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಭರತದಲ್ಲಿ ಹೊಳೆಯ ಒಳಗಿನ ಮೆತ್ತನೆ ಕೆಸರುದಂಡೆಗೆ ತಂದು ಕಟ್ಟಿ, ಎರಡು ಪಂಪು ಇಟ್ಟುಕೊಂಡು, ಎರಡು ಮೂರು ದಿನ ಭರತ ಇಳಿತಗಳಲ್ಲಿ ಏರಿ ಇಳಿಯಲು ಬಿಡಿ. ಮೊದಲ ದಿನ ನೀರು ಧಾರಾಳವಾಗಿ ಬರುತ್ತದೆ, ಹೆದರಿ ಮತ್ತೆ ಹತ್ತಿ ಬಡಿಯಬೇಡಿ. ಮೂರನೆಯ ದಿನಕ್ಕೂ ನಿಲ್ಲದ ಜಾಗಗಳನ್ನು ಒಳಗಿನಿಂದ ಗುರುತಿಸಿ, ಇಳಿತದಲ್ಲಿ ಅವನ್ನಷ್ಟೇ ಸರಿಮಾಡಿ. ಮೀನುಗಾರಿಕೆ ಇಲಾಖೆ ಮತ್ತು ಬಂದರು ಕಚೇರಿಯಲ್ಲಿ ನೋಂದಣಿಯ ವಿಷಯ ವಿಚಾರಿಸಿಕೊಳ್ಳಿ. ಹಾಯಿಯ ಮೊದಲ ಪ್ರಯತ್ನ ಅಳಿವೆಯ ಒಳಗೆ, ಬೆಳಗಿನ ಮೆಲುಗಾಳಿಯಲ್ಲಿ, ಎಲ್ಲರೂ ಜೀವರಕ್ಷಕ ಕವಚ ತೊಟ್ಟು ನಡೆಯಲಿ. ಹೊಸ ಹತ್ತಿ ಹಾಯಿಯನ್ನು ಆಗ ಬಿಗಿದು ಎಳೆಯಬೇಡಿ, ಒಮ್ಮೆ ಅಂಚು ಎಳೆದು ಸೊಟ್ಟಗಾದರೆ ಸರಿಹೋಗದು. ಮೂರು ತಿಂಗಳ ಬಳಿಕ ದೋಣಿಯನ್ನು ದಡಕ್ಕೆಳೆದು ಬಿರಡೆಗಳನ್ನೂ ಸಂದಿಯ ರಾಳವನ್ನೂ ಒಂದೊಂದಾಗಿ ನೋಡಿ. ಹೊರಕ್ಕುಬ್ಬಿದ ರಾಳವನ್ನು ಕೆರೆದು ಸಮಮಾಡಿ, ಬಿರಡೆ ಎದ್ದಿರುವ ಕಡೆ ಮೊಳೆ ಸಡಿಲವಾಗಿದೆ ಎಂದೇ ತಿಳಿದು ಬಿಚ್ಚಿ ನೋಡಿ.